ಡಬ್ಬಿಯ ತಪ್ಪಿಗೆ ಭಂಡಾರ ಎತ್ತಿದ ಲಗಮಣ್ಣ ಕಾಕಾ

ಎರಡು ವರ್ಷದ ಹಿಂದಿನ ಮಾತು. ಆ ಸಲ ದಸರೆ ಮುಗಿದರೂ ಮಳೆ ನಮ್ಮ ಕಡೆಯಿಂದ ಕಾಲು ತೆಗೆದಿರಲಿಲ್ಲ. ಆಗ ನಡೆದದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಉರಿಯಲಿ ಎಂದೇ ಬರೆಯಲು ಕುಳಿತಿದ್ದೇನೆ.

ನಮ್ಮದು ಅಥಣಿ ತಾಲ್ಲೂಕಿನಲ್ಲಿ ಐಗಳಿಯ ಹತ್ತಿರದ ಒಂದು ಹಳ್ಳಿ. ದ್ರಾಕ್ಷಿ ಬೆಳೆಯುತ್ತೇವೆ. ತೋಟದ ಯಜಮಾನಿಕೆ ನನ್ನ ಗಂಡ ಅಪ್ಪಾಸಾಹೇಬರದು. ನಾನು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಅಥಣಿಗೆ ಹೋಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ಬರುತ್ತೇನೆ. ದ್ರಾಕ್ಷಿಯವರಿಗೆ ದಸರೆಯ ಆಸುಪಾಸಿನ ಮಳೆ ಎಂದರೆ ಭಯ. ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಎಳೆ ಚಿಗುರು ಬಂದಿರುತ್ತದೆ. ಆ ಎಲೆಯ ಮೇಲೆ ಕೆಲವು ತಾಸು ನೀರು ನಿಂತರೆ ಸಾಕು, ಡೌನಿ ರೋಗ ಹತ್ತಿಕೊಳ್ಳುತ್ತದೆ. ಹತ್ತಿತೋ, ಹೂಗೊಂಚಲು ಮುಟ್ಟಿದರೆ ಉದುರುತ್ತದೆ. ಎಲೆ ಒದ್ದೆಯಾದ ಹೊತ್ತು ತಿಳಿದು ಸರಿಯಾಗಿ ಔಷಧ ಹೊಡೆದರೆ ಬೆಳೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಇದಕ್ಕೆಂದೇ ಊರಿನ ಹತ್ತಾರು ಬೆಳೆಗಾರರು ಸೇರಿ ಒಂದು ಗುಂಪು ಮಾಡಿಕೊಂಡು ಹವಾಮಾನ ತಿಳಿಸುವ ಯಂತ್ರವೊಂದನ್ನು ತರಿಸಿದ್ದರು. ತಂದವರು ದೂರದ ಒಂದು ಕಂಪನಿಯವರು, ಹೆಸರು ಬೇಡ. ಒಂದು ಕಂಬ, ಅದರ ಮೇಲೆ ಸೋಲಾರ್ ಪ್ಲೇಟು, ಬುಡದಲ್ಲಿ ಬ್ಯಾಟರಿ, ನಡುವೆ ಬಿಳಿ ಡಬ್ಬಿ. ಡಬ್ಬಿಯೊಳಗೆ ಅಂಗೈಯಷ್ಟು ಅಗಲದ ಪುಟ್ಟ ಕಂಪ್ಯೂಟರ್. ಬಳ್ಳಿಯ ನಡುವೆ ಎಲೆಯ ಆಕಾರದ ಒಂದು ತಗಡು ಇರುತ್ತದೆ. ಅದರ ಮೇಲೆ ನೀರು ಬಿದ್ದರೆ ಡಬ್ಬಿಗೆ ಗೊತ್ತಾಗಿ, ಎಲ್ಲರ ಫೋನಿಗೆ 'ಎಲೆ ಒದ್ದೆಯಾಗಿದೆ, ಔಷಧ ಹೊಡೆಯಿರಿ' ಎಂದು ಸುದ್ದಿ ಬರುತ್ತದೆ. ಊರೆಲ್ಲ ಅದನ್ನು ಡಬ್ಬಿ ಎಂದೇ ಕರೆಯಿತು.

ಡಬ್ಬಿಯನ್ನು ನಿಲ್ಲಿಸಿದ್ದು ಲಗಮಣ್ಣ ಕಾಕಾನ ತೋಟದಲ್ಲಿ. ಅವನ ಹೊಲ ತಗ್ಗಿನಲ್ಲಿದೆ, ಮಂಜು ಅಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಿರುತ್ತದೆ. ಕೇಳಿದ ಕೂಡಲೇ ಕಾಕಾ ಜಾಗ ಕೊಟ್ಟ. ವಯಸ್ಸು ಎಪ್ಪತ್ತರ ಹತ್ತಿರ. ಮಾತು ಕಡಿಮೆ, ರುಮಾಲು ಮಾತ್ರ ದೊಡ್ಡದು. ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗಿ ಸಾಲು ಸಾಲು ತಿರುಗಿ ಎಲೆ ಮಗುಚಿ ನೋಡಿ ಬರುವುದು ಅವನ ದಿನಚರಿ. ಚಹಾ ಕೂಡ ಅದರ ನಂತರವೇ. ನಮ್ಮ ಅತ್ತೆ ಮಾವನ ಕಾಲದಿಂದ ಎರಡೂ ಮನೆಗಳ ನಡುವೆ ಹೋಗಿಬರುವುದು ಇದ್ದುದರಿಂದ ನಾನೂ ಕಾಕಾ ಎಂದೇ ಕರೆಯುತ್ತೇನೆ.

ಮೊದಲ ಕೆಲವು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಜಿಟಿಜಿಟಿ ಮಳೆ ಹಿಡಿಯಿತು. ಹೊರಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ, ಫೋನಿನಲ್ಲಿ 'ಎಲೆ ಒಣಗಿದೆ' ಎಂದು ತೋರಿಸುತ್ತಿದೆ. ಡಬ್ಬಿ ನಿಂತುಹೋಗಿತ್ತು, ಫೋನು ಹಿಂದಿನ ದಿನದ ಸುದ್ದಿಯನ್ನೇ ಹಿಡಿದುಕೊಂಡು ಕೂತಿತ್ತು. ಕೆಲವರು ಕಣ್ಣನ್ನು ನಂಬಿ ಔಷಧ ಹೊಡೆದರು. ತೋಟ ಊರಿಂದ ದೂರ ಇದ್ದವರು ಯಂತ್ರವನ್ನು ನಂಬಿ ಸುಮ್ಮನಿದ್ದರು. ಎಂಟು ದಿನದೊಳಗೆ ಅವರ ಎಲೆಯ ಮೇಲೆ ಎಣ್ಣೆ ಕಲೆಯಂಥ ಮಚ್ಚೆ ಬಂತು.

ಕಂಪನಿಗೆ ಫೋನು ಹೋಯಿತು. ಅವರು ಅಲ್ಲಿಂದಲೇ ಏನೋ ಮಾಡಿ ಡಬ್ಬಿಯನ್ನು ಎಬ್ಬಿಸಿದರು. ಮತ್ತೆ ಮಂಜು ಬಿತ್ತು, ಮತ್ತೆ ಡಬ್ಬಿ ಮಲಗಿತು. ಒಣ ದಿನಗಳಲ್ಲಿ ಗಡಿಯಾರದಂತೆ ನಡೆಯುತ್ತದೆ, ಬೇಕಾದ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ. ನಮ್ಮ ಗುಂಪಿನ ಮುಖಂಡರು ಬಾಳಾಸಾಹೇಬರು, ನನ್ನ ಗಂಡನ ದೊಡ್ಡಪ್ಪನ ಮಗ. ಅವರು ಸಿಟ್ಟಾಗಿ ಕಂಪನಿಯವರನ್ನು ಊರಿಗೇ ಕರೆಸಿದರು.

ಬಂದವನು ನಿಪ್ಪಾಣಿ ಕಡೆಯ ಒಬ್ಬ ಎಂಜಿನಿಯರ್. ಕನ್ನಡ, ಮರಾಠಿ ಎರಡನ್ನೂ ನಮ್ಮ ಹಾಗೆಯೇ ಕಲಸಿ ಮಾತಾಡುವ ಹುಡುಗ. ಕಂಬದ ಸುತ್ತ ಒಂದು ಸುತ್ತು ಹಾಕಿದ. ಲ್ಯಾಪ್‌ಟಾಪ್ ತೆರೆದ. ಬೀರದೇವರ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದರು. ಅವನು ಗಂಭೀರವಾಗಿ ಹೇಳಿದ, "ನಮ್ಮ ಮಶೀನ್‌ದಾಗ ಏನೂ ದೋಷ ಇಲ್ರಿ. ಯಾರೋ ಬ್ಯಾಟರಿ ವಾಯರ್ ಕೀಳಾಕತ್ತಾರ. ಬೆಳಗಿನ ಜಾವದಾಗ ಕೀಳ್ತಾರ, ಆಮ್ಯಾಲ ಹಚ್ತಾರ. ಲಾಗ್‌ದಾಗ ಚಂದಂಗ ಕಾಣಸತೈತಿ."

ನಾನು ಆಗ ತಾನೆ ಕಾಲೇಜಿನಿಂದ ಬಂದು ಅಲ್ಲೇ ನಿಂತಿದ್ದೆ. "ತೋರಸ್ರಿ ನೋಡೂಣು," ಎಂದೆ. ಲಾಗ್, ಅಂದರೆ ಯಂತ್ರ ತನಗಾದದ್ದನ್ನು ತಾನೇ ಬರೆದಿಟ್ಟುಕೊಳ್ಳುವ ದಾಖಲೆ, ತೋರಿಸಿದ. ಕಂಪ್ಯೂಟರ್ ಸರಿಯಾದ ಕ್ರಮದಲ್ಲಿ ಮುಚ್ಚದೆ ಇದ್ದಕ್ಕಿದ್ದಂತೆ ನಿಂತಿದೆ, ಆಮೇಲೆ ಮತ್ತೆ ಶುರುವಾಗಿದೆ, ಒಳಗಿನ ಮಾಹಿತಿಯ ವ್ಯವಸ್ಥೆ ಅರ್ಧಕ್ಕೆ ಕೆಟ್ಟಿದೆ, ಇಷ್ಟು ಬರೆದಿತ್ತು. ವಾಯರ್ ಕಿತ್ತರೆ ಹೀಗೆಯೇ ಬರುತ್ತದೆ ಎನ್ನುವುದು ನಿಜ. ಆದರೆ ವಾಯರ್ ಕಿತ್ತಾಗ ಮಾತ್ರ ಬರುತ್ತದೆ ಎನ್ನಲು ಆಧಾರವೇನು ಎಂದು ಕೇಳಿದೆ. "ಸೋಲಾರ್ ಐತ್ರಿ ಮ್ಯಾಡಮ್, ಕರೆಂಟ್ ಹೋಗೂ ಮಾತ ಇಲ್ಲ. ಮತ್ತ ಮನಿಷ್ಯಾರ ಕೈಯೇ ಅಲ್ಲೇನ್ರಿ," ಎಂದು ನಕ್ಕ.

ಬೆಳಗಿನ ಜಾವ ಎಂದ ಕೂಡಲೇ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಆ ಹೊತ್ತಿಗೆ ಆ ತೋಟದಲ್ಲಿ ಇರುವವನು ಊರಿನಲ್ಲಿ ಒಬ್ಬನೇ. ಯಾರೋ, ಕಾಕಾ ತನ್ನ ತಲೆಗೆ ಕಟ್ಟುವ ಬ್ಯಾಟರಿ ದೀಪವನ್ನು ಅಲ್ಲಿ ಚಾರ್ಜ್ ಹಚ್ಚುತ್ತಾನೆ ಎಂದರು. ಇನ್ಯಾರೋ, ಕಂಬದ ಹತ್ತಿರ ಅವನು ಬಗ್ಗಿದ್ದನ್ನು ನಾನೇ ನೋಡಿದ್ದೇನೆ ಎಂದರು. ಬಳ್ಳಿಯ ಬುಡ ನೋಡುವವನು ಬಗ್ಗದೆ ಆಕಾಶ ನೋಡುತ್ತಾನೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯಲ್ಲಿ ಕೇಳಿದ್ದೆ. ಅವತ್ತು ಕಣ್ಣಾರೆ ನೋಡಿದೆ.

"ನಾ ಮುಟ್ಟಿಲ್ರೋ ತಮ್ಮಾ," ಎಂದ ಕಾಕಾ. ಎರಡು ಸಲ ಅಂದ. ಮೂರನೆಯ ಸಲ ಅನ್ನಲಿಲ್ಲ.

ಆಗ ಬಾಳಾಸಾಹೇಬರು ಹೇಳಿದರು, "ಕಾಕಾ, ನಮಗ ನಿನ್ನ ಮ್ಯಾಲ ಸಂಶೆ ಇಲ್ಲ. ಆದ್ರ ಮಂದಿ ಬಾಯಿ ಮುಚ್ಚಬೇಕಲ್ಲ. ಭಂಡಾರ ಎತ್ತಿಬಿಡು. ಹಗರಣ ಇಲ್ಲಿಗೇ ಮುಗೀತೈತಿ."

ಭಂಡಾರ ಎಂದರೆ ದೇವರ ಅರಿಶಿನ. ನಮ್ಮ ಕಡೆ ಅದನ್ನು ಕೈಯಲ್ಲಿ ಹಿಡಿದು ಸುಳ್ಳು ಹೇಳುವವರಿಲ್ಲ. ಅಷ್ಟೇ ಅಲ್ಲ, ಎತ್ತಿದ ಮೇಲೆ ಆ ಮನೆಯ ಮೇಲೆ ಊರು ಕಣ್ಣಿಟ್ಟಿರುತ್ತದೆ. ಮುಂದಿನ ಬೆಳೆ ಬರುವವರೆಗೆ ಅಲ್ಲಿ ಏನಾದರೂ ಕೆಡುಕಾದರೆ ದೇವರು ತೀರ್ಪು ಕೊಟ್ಟ ಹಾಗೆ. ಹಿಂದೆ ಹೊಲದ ಗಡಿಯ ಬಾಂದಿಗೆ, ಅಣ್ಣತಮ್ಮಂದಿರ ಪಾಲಿಗೆ ಭಂಡಾರ ಎತ್ತಿದ್ದನ್ನು ಕೇಳಿದ್ದೇನೆ. ಒಂದು ಡಬ್ಬಿಗೋಸ್ಕರ ಎತ್ತಿಸಿದ್ದನ್ನು ಕೇಳಿರಲಿಲ್ಲ.

"ಮಶೀನ್ ನಿಂತ್ರ ಮೊದಲ ಮಶೀನ್ ಬಿಚ್ಚಿ ನೋಡ್ರಿ. ಮನಿಷ್ಯಾಗ ಯಾಕ ಆಣಿ ಹಾಕಸ್ತೀರಿ?" ಎಂದೆ ನಾನು.

"ವೈನಿ, ಲಾಗ್‌ದಾಗ ಬಂದೈತಲ್ರಿ. ನೀವ ಓದಿ ನೋಡಿದ್ರಿ," ಎಂದರು ಬಾಳಾಸಾಹೇಬರು. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ.

ನನ್ನ ಗಂಡ ಪಕ್ಕದಲ್ಲೇ ಇದ್ದರು. ಗುಂಪಿನ ಜೊತೆ ಅವರೂ ತಲೆ ಆಡಿಸಿದರು. ಆ ತಲೆಯನ್ನು ನಾನು ಇವತ್ತಿಗೂ ಮರೆತಿಲ್ಲ, ಅವರಿಗೂ ಮರೆಯಲು ಬಿಟ್ಟಿಲ್ಲ.

ಕಾಕಾ ಚಪ್ಪಲಿ ಬಿಟ್ಟ. ರುಮಾಲು ತೆಗೆದು ಕಟ್ಟೆಯ ಮೇಲಿಟ್ಟ. ಗುಡಿಯೊಳಗೆ ಹೋಗಿ ಮುಷ್ಟಿ ತುಂಬ ಭಂಡಾರ ಹಿಡಿದುಕೊಂಡು ಬಂದ. "ನಾ ಆ ವಾಯರ್ ಕಿತ್ತಿದ್ರ ನನ್ನ ಮನಿತನ ಹಾಳಾಗಲಿ," ಎಂದು ಹೇಳಿ ಹಣೆಗೆ ಹಚ್ಚಿಕೊಂಡ. ಅವನ ಬೋಳು ತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಎಂಜಿನಿಯರ್ ಕಟ್ಟೆಯ ತುದಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಕಪ್ಪು ಕೆಳಗಿಡುವಷ್ಟು ಮರ್ಯಾದೆ ಕೂಡ ಅವನಿಗೆ ಹೊಳೆಯಲಿಲ್ಲ.

ಹಗರಣ ಅಲ್ಲಿಗೆ ಮುಗಿಯಿತೇ? ಎಲ್ಲಿಯ ಮುಗಿಯುವುದು. ಮುಂದಿನ ವಾರ ಕಾಕಾನ ಎಮ್ಮೆ ಮೇಯಲು ಹೋದಲ್ಲಿ ಹಾವು ಕಡಿದು ಸತ್ತಿತು. ಮಳೆಗಾಲದಲ್ಲಿ ಹುಲ್ಲು ಬೆಳೆದ ಕಡೆ ಹಾವು ಇರುವುದು ಯಾವ ದೇವರ ತೀರ್ಪು? ಆದರೆ ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ ಒಂದೇ ಮಾತು. "ಭಂಡಾರ ಬಿಟ್ಟೀತೇನು?" ಅನ್ನುವುದು, ತುಟಿ ಕಚ್ಚಿ ಸುಮ್ಮನಾಗುವುದು. ಡಬ್ಬಿಯನ್ನು ನಂಬಿ ಬೆಳೆ ಕಳೆದುಕೊಂಡವರಿಗೆ ಬೈಯಲು ಒಂದು ಹೆಸರು ಸಿಕ್ಕಿತ್ತು, ಅದನ್ನು ಬಿಡಲು ಯಾರೂ ತಯಾರಿರಲಿಲ್ಲ.

ನಾನು ಕಾಕಾನ ಮನೆಗೆ ಹೋದೆ. ಅವನ ಹೆಂಡತಿ ಕಾಕೂ ಒಲೆಯ ಮುಂದೆ ಮುಖ ತಿರುಗಿಸಿ ಕೂತಿದ್ದಳು. ಕಾಕಾ ತೋಟಕ್ಕೆ ಹೋಗುವುದನ್ನೇ ಬಿಟ್ಟು ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದ. ಎಮ್ಮೆಯ ಮಾತು ತೆಗೆದೆ. ಅವನು ಬೇರೆಯೇ ಹೇಳಿದ.

"ತಂಗಿ, ನಾ ಕೈಲೆ ಮುಟ್ಟಿಲ್ಲ, ಅದು ಖರೆ. ಆದ್ರ ಕತ್ತಲದಾಗ ತಿರಗೂ ಮನಿಷ್ಯಾ ನಾ. ಕಾಲ ತಾಗಿ ವಾಯರ್ ಸಡ್ಲ ಆಗಿದ್ರ? ನನಗ ಗೊತ್ತಿಲ್ಲದಂಗ ಆಗಿದ್ರ? ನಾ ಸುಳ್ಳ ಆಣಿ ಮಾಡಿದಂಗಾತಲ್ಲ."

ಊರು ಅನುಮಾನ ಪಟ್ಟದ್ದನ್ನು ಹೇಗೋ ತಡೆದುಕೊಂಡಿದ್ದೆ. ಆ ಮನುಷ್ಯ ತನ್ನ ಮೇಲೆ ತಾನೇ ಅನುಮಾನ ಪಡುವ ಹಾಗೆ ಮಾಡಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಮನೆಗೆ ಬಂದು ಗಂಡನಿಗೆ, ಡಬ್ಬಿ, ಬ್ಯಾಟರಿ, ಎಲೆ ತಗಡು ಎಲ್ಲ ಬಿಚ್ಚಿ ಮನೆಗೆ ತನ್ನಿ, ನಾನು ನೋಡುತ್ತೇನೆ ಎಂದೆ.

"ಸೀಲ್ ಒಡದ್ರ ಗ್ಯಾರಂಟಿ ಹೋಗತೈತಿ," ಎಂದರು.

"ಮನಿಷ್ಯಾಂದು ಗ್ಯಾರಂಟಿ ಹೋಗೇತಿ. ಡಬ್ಬಿದು ತಗೊಂಡು ಏನ ಮಾಡ್ತೀರಿ?" ಎಂದೆ. ಅವರು ಎದ್ದರು. ಸ್ಪ್ಯಾನರ್ ಹಿಡಿದುಕೊಂಡು ಹೋದರು.

ರವಿವಾರ ಬೆಳಿಗ್ಗೆ ಅಂಗಳದಲ್ಲಿ ಡಬ್ಬಿಯನ್ನು ಬಿಚ್ಚಿಟ್ಟುಕೊಂಡು ಕೂತೆ. ಒಳಗಿನ ಕಂಪ್ಯೂಟರ್ ನೋಡಿ ನನಗೂ ಸ್ವಲ್ಪ ದಿಗಿಲಾಯಿತು. ನಾವು ಪಾಠ ಹೇಳುವ ಕಂಪ್ಯೂಟರ್‌ಗಳಲ್ಲಿ ಇರುವ ಪ್ರೊಸೆಸರ್ ಒಂದು ಜಾತಿಯದು, ಫೋನುಗಳಲ್ಲಿ ಇರುವುದು ಇನ್ನೊಂದು ಜಾತಿಯದು. ಇದು ಮೂರನೆಯದು, ರಿಸ್ಕ್-ಫೈವ್ ಎನ್ನುವ ಹೊಸ ಜಾತಿ. ಬಳಸುವವರೇ ಕಡಿಮೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನನ್ನ ಹಾಗೆ ತೊಂದರೆ ಹೇಳಿಕೊಂಡವರು ಒಬ್ಬಿಬ್ಬರು ಸಿಕ್ಕರು. ಅವರಿಗೆ ಬಂದ ಉತ್ತರ, ನಮ್ಮ ಹತ್ತಿರ ಆ ಯಂತ್ರ ಇಲ್ಲ, ಎಲ್ಲರೂ ಬಳಸುವಂಥದ್ದನ್ನು ಕೊಂಡುಕೊಳ್ಳಿ. ಬಹಳ ಉಪಕಾರವಾಯಿತು ಎಂದುಕೊಂಡು ಮುಚ್ಚಿದೆ.

ಎಲ್ಲ ಕಂಪ್ಯೂಟರಿನಲ್ಲೂ ಕರ್ನಲ್ ಎಂದು ಒಂದು ಇರುತ್ತದೆ. ದೊಡ್ಡ ಮನೆಯ ಕಾರಭಾರಿ ಇದ್ದ ಹಾಗೆ. ಯಾವ ಮಾಹಿತಿಯನ್ನು ಎಲ್ಲಿಡಬೇಕು, ಎಲ್ಲಿಂದ ತೆಗೆಯಬೇಕು ಎನ್ನುವ ಕಡತ ವ್ಯವಸ್ಥೆಯೂ ಅದರ ಕೈಯಲ್ಲೇ. ಅಲ್ಲಿ ಏನಾದರೂ ಎಡವಟ್ಟು ಕಂಡರೆ ಕರ್ನಲ್ ಇದ್ದ ಮಾಹಿತಿಯಾದರೂ ಉಳಿಯಲಿ ಎಂದು ಬರೆಯುವುದನ್ನು ನಿಲ್ಲಿಸಿ ಬೀಗ ಹಾಕುತ್ತದೆ. ಇಲ್ಲೇ ನನಗೆ ಒಂದು ವಿಷಯ ಹೊಳೆಯಿತು. ಬೀಗ ಹಾಕಿದ ಮೇಲೆ ಲಾಗ್ ಬರೆಯುವುದೆಲ್ಲಿ? ಯಾಕೆ ಕೆಟ್ಟಿತು ಎನ್ನುವ ಕೊನೆಯ ಮಾತು ಲಾಗ್‌ನಲ್ಲಿ ಇರಲು ಸಾಧ್ಯವೇ ಇಲ್ಲ. ಎಂಜಿನಿಯರ್ ತೋರಿಸಿದ್ದು ಮೊದಲಿನದು ಮತ್ತು ಆಮೇಲಿನದು. ನಡುವಿನದನ್ನು ಯಾರೂ ನೋಡಿರಲಿಲ್ಲ.

ಆ ಕೊನೆಯ ಮಾತನ್ನು ಕೇಳಬೇಕೆಂದರೆ ಬೋರ್ಡಿನ ಮೂರು ಸೂಜಿಗಳಿಗೆ ಒಂದು ಕೇಬಲ್ ಸಿಕ್ಕಿಸಿ ನೇರವಾಗಿ ಲ್ಯಾಪ್‌ಟಾಪಿಗೆ ತರಬೇಕು. ಕಾಲೇಜಿನಿಂದ ಕೇಬಲ್ ತಂದಿದ್ದೆ, ಸಿಕ್ಕಿಸಿದೆ. ಊಟದ ಹೊತ್ತಿನವರೆಗೆ ಕಾದರೂ ಏನೂ ಆಗಲಿಲ್ಲ. ಡಬ್ಬಿ ಮಗುವಿನಂತೆ ಸುಮ್ಮನೆ ಇತ್ತು. ಗಂಡ ಬಂದು ಇಣುಕಿ, "ಏನೂ ಇಲ್ಲಲ್ಲ, ನೋಡು," ಎಂದರು. ಅವರ ದನಿಯಲ್ಲಿ ಸ್ವಲ್ಪ ಸಮಾಧಾನ ಇದ್ದದ್ದು ನನಗೆ ಇನ್ನೂ ಸಿಟ್ಟು ತರಿಸಿತು.

ಆಮೇಲೆ ಒಂದು ಬಟ್ಟೆ ತೋಯಿಸಿ ಆ ಎಲೆ ತಗಡಿನ ಮೇಲೆ ಹೊದಿಸಿದೆ. ಎಲೆ ಒದ್ದೆಯಾದರೆ ಡಬ್ಬಿ ಆಗೊಮ್ಮೆ ಈಗೊಮ್ಮೆ ಮಾಹಿತಿ ಬರೆಯುವುದನ್ನು ಬಿಟ್ಟು ಒಂದೇ ಸಮನೆ ಬರೆಯಲು ಶುರುಮಾಡುತ್ತದೆ. ಒಳಗೆ ಹೋಗಿ ರೊಟ್ಟಿ ತಟ್ಟುತ್ತಿದ್ದೆ. ಕೊನೆಯ ರೊಟ್ಟಿ ಹೆಂಚಿನ ಮೇಲಿರುವಾಗ ಗಂಡ ಅಂಗಳದಿಂದ ಕೂಗಿದರು, "ಬಾ ಇಲ್ಲೆ, ಏನೋ ಬರಾಕತ್ತೇತಿ."

ಪರದೆಯ ತುಂಬ ಸಾಲುಗಳು. ಕರ್ನಲ್ ಮಾಹಿತಿ ಬರೆಯಲು ಹೋಗಿ ತನ್ನ ಲೆಕ್ಕವನ್ನು ತಾನೇ ತಪ್ಪಿದೆ. ಕಡತ ವ್ಯವಸ್ಥೆಯಲ್ಲಿ ದೋಷ ಎಂದು ತಾನೇ ಕಿರುಚಿದೆ. ಬರೆಯುವುದಕ್ಕೆ ಬೀಗ ಹಾಕಿದೆ. ಸ್ವಲ್ಪ ಹೊತ್ತಿಗೆ ಯಂತ್ರ ತಾನಾಗಿ ಸತ್ತು ತಾನಾಗಿ ಎದ್ದಿತು, ಆದರೆ ಕಡತ ಕೆಟ್ಟದ್ದರಿಂದ ಎಲೆಯ ಸುದ್ದಿ ಕಳಿಸುವ ಕೆಲಸ ಶುರುವಾಗಲಿಲ್ಲ. ಎದ್ದ ಮೇಲೆ ಬಂದ ಮೊದಲ ಮಾತು ಯಾವುದು ಗೊತ್ತೇ? ಗುಡಿಯ ಕಟ್ಟೆಯ ಮೇಲೆ ಎಂಜಿನಿಯರ್ ಸಾಕ್ಷಿ ಎಂದು ತೋರಿಸಿದನಲ್ಲ, ಅದೇ. ಸರಿಯಾಗಿ ಮುಚ್ಚದೆ ನಿಂತಿದೆ ಎಂದು. ವಾಯರ್ ಇದ್ದ ಕಡೆಯೇ ಇತ್ತು. ಮುಟ್ಟುವವರು ಯಾರೂ ಇರಲಿಲ್ಲ. ಗಂಡ ಬ್ಯಾಟರಿಯನ್ನೂ ನನ್ನನ್ನೂ ನೋಡಿ ಪೆಚ್ಚಾಗಿ ನಿಂತರು.

ಒಮ್ಮೆ ಆದದ್ದನ್ನು ಇಟ್ಟುಕೊಂಡು ನಾನೂ ಆ ಎಂಜಿನಿಯರನ ಹಾಗೆ ತೀರ್ಪು ಕೊಡಬಾರದಲ್ಲ. ಕೆಟ್ಟ ಕಡತ ಸರಿಪಡಿಸಿ ತಗಡು ಒಣಗಿಸಿದೆ, ಸರಿ ಇತ್ತು. ಮತ್ತೆ ತೋಯಿಸಿದೆ, ಮತ್ತೆ ಬಿತ್ತು. ಮರುದಿನ, ಕರ್ನಲ್ಲೂ ಮಾಹಿತಿಯೂ ಇರುವ ಒಳಗಿನ ಮೆಮರಿ ಕಾರ್ಡನ್ನು ಕಾಲೇಜಿಗೆ ಒಯ್ದು, ಅಲ್ಲಿಯ ಹಳೆಯ ಸಾದಾ ಕಂಪ್ಯೂಟರಿಗೆ ಹಾಕಿ, ಅದೇ ಬಗೆಯ ಕಡತ ವ್ಯವಸ್ಥೆಯ ಮೇಲೆ ಅಷ್ಟೇ ವೇಗವಾಗಿ ದಿನವಿಡೀ ಬರೆಸಿದೆ. ಒಂದು ದೋಷವೂ ಬರಲಿಲ್ಲ. ಕಾರ್ಡು ಕೆಟ್ಟಿಲ್ಲ. ಕೆಟ್ಟದ್ದು ಆ ಹೊಸ ಜಾತಿಯ ಪ್ರೊಸೆಸರಿಗೆಂದು ಕಂಪನಿಯವರು ಹಾಕಿಕೊಟ್ಟ ಕರ್ನಲ್. ಎಲೆ ತೊಯ್ದಾಗ ಬರೆಯುವ ಕೆಲಸ ಹೆಚ್ಚಾಗುತ್ತದೆ, ಕರ್ನಲ್ ಎಡವುತ್ತದೆ. ಮಂಜು ಬೀಳುವುದು ಬೆಳಗಿನ ಜಾವ, ಡಬ್ಬಿ ಬೀಳುವುದೂ ಬೆಳಗಿನ ಜಾವ. ಕಾಕಾ ತೋಟದಲ್ಲಿ ಇರುವುದೂ ಅದೇ ಹೊತ್ತು. ಇಷ್ಟಕ್ಕೆ ಒಬ್ಬ ಮನುಷ್ಯನ ಮನೆತನವನ್ನು ದೇವರ ಮುಂದೆ ಒತ್ತೆ ಇಡಿಸಿದ್ದರು.

ಆ ಎಂಜಿನಿಯರನಿಗೆ ಫೋನು ಮಾಡಿದೆ. ಗಂಡನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಕೇಬಲ್ ಹಚ್ಚಿದ್ದು, ಪರದೆಯಲ್ಲಿ ಬಂದದ್ದು ಎಲ್ಲ ಹೇಳಿದೆ. ಅವನು ಗಾಬರಿಯಾಗುತ್ತಾನೆ, ಇಲ್ಲ ಎಂದು ವಾದಿಸುತ್ತಾನೆ ಎಂದುಕೊಂಡಿದ್ದೆ. ಅವನು ಆರಾಮಾಗಿ, "ಹೌದ್ರಿ ಮ್ಯಾಡಮ್, ಅದು ನೋನ್ ಇಶ್ಯೂರಿ," ಎಂದ.

"ಅಂದ್ರ?"

"ಅಂದ್ರ ನಮಗ ಗೊತ್ತಿರೂ ಪ್ರಾಬ್ಲೆಮ್‌ರಿ. ಆ ಕರ್ನಲ್‌ದಾಗ ಐತಿ. ಹೊಸಾದ್ರಾಗ ಸರಿ ಮಾಡ್ಯಾರ."

"ಯಾವಾಗಿಂದ ಗೊತ್ತೈತಿ?"

"ಹ್ವಾದ ಮಳಗಾಲದಿಂದರಿ."

"ಮತ್ತ ಹೊಸಾದು ಹಾಕಲಿಲ್ಲ ಯಾಕ?"

"ಒಂದೊಂದ ಡಬ್ಬಿಗೂ ಮನಿಷ್ಯಾ ಹೋಗಿ ಕಾರ್ಡ ಬದಲ ಮಾಡಬೇಕಾಗತೈತ್ರಿ. ಮ್ಯಾಲಿನವರು ಸದ್ಯಕ್ಕ ಬ್ಯಾಡಂದಾರ. ಯಾರರೆ ಫೋನ್ ಮಾಡಿದ್ರ ಮೊದಲ ವಾಯರ್ ಚೆಕ್ ಮಾಡ್ಸಂತ ಹೇಳ್ಯಾರ."

"ನೀ ನಿಪ್ಪಾಣಿ ಕಡ್ಯಾಂವ. ಭಂಡಾರ ಅಂದ್ರ ಏನಂತ ನಿನಗ ಗೊತ್ತೈತಿ. ಕಾಕಾ ಎತ್ತೂ ಮುಂದ ನೀ ಅಲ್ಲೇ ಕುಂತಿದ್ದಿ. ಬ್ಯಾಡ ಅನ್ನಾಕ ನಿನಗ ಬಾಯಿ ಇರಲಿಲ್ಲೇನು?"

ಅವನು ಹೇಳಿದ, "ನಾ ಎತ್ತಸಂದಿಲ್ಲಲ್ರಿ ಮ್ಯಾಡಮ್. ಅದು ನಿಮ್ಮ ಊರಾವ್ರ ವಿಷಯ."

ಹೊಸ ಕಾರ್ಡು ಕಳಿಸು, ಹಾಗೇ ನಡೆದದ್ದನ್ನು ಬರೆದೂ ಕೊಡಿಸು ಎಂದು ಹೇಳಿ ಫೋನು ಇಟ್ಟೆ. ಕುಣಿಯಲಾರದವಳು ನೆಲ ಡೊಂಕು ಅನ್ನುವುದನ್ನಾದರೂ ಕ್ಷಮಿಸಬಹುದು, ಅವಳಿಗೆ ತನ್ನ ಕಾಲಿನ ದೋಷ ಗೊತ್ತಿರುವುದಿಲ್ಲ. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಊರಿಂದ ಊರಿಗೆ ಹೋಗಿ ವಾಯರ್ ಕಿತ್ತಿದ್ದೀರಿ ಎಂದು ಹೇಳುತ್ತಿದ್ದರು. ಆದರೆ ಅವನ ಕೊನೆಯ ಮಾತು ಸುಳ್ಳಲ್ಲ. ಎತ್ತಿಸಿದವರು ನಾವೇ. ಆ ಸಿಟ್ಟನ್ನು ಎಲ್ಲಿ ಹಾಕುವುದು?

ನೇರ ಕಾಕಾನ ಮನೆಗೆ ಹೋದೆ. ಗಂಡನೂ ಹಿಂದೆಯೇ ಬಂದರು. ನಡೆದದ್ದೆಲ್ಲ ಹೇಳಿದೆ. ಕರ್ನಲ್, ಪ್ರೊಸೆಸರ್ ಎಲ್ಲ ಬಿಟ್ಟು, ಡಬ್ಬಿ ತಾನೇ ಕೆಟ್ಟದ್ದು, ಮಾಡಿದವರಿಗೆ ಅದು ಗೊತ್ತಿತ್ತು, ಅಂಗಳದಲ್ಲಿ ಯಾರೂ ಮುಟ್ಟದೆ ಅದು ನಮ್ಮ ಕಣ್ಣೆದುರಿಗೇ ನಿಂತಿತು ಎಂದೆ. ಕಾಕಾ ಪೂರ್ತಿ ಕೇಳಿದ. ಕೇಳಿ ಒಂದೇ ಮಾತು ಕೇಳಿದ.

"ಹಂಗಾರ ನನ್ನ ಕಾಲ ತಾಗಿಲ್ಲ?"

"ತಾಗಿಲ್ಲ ಕಾಕಾ."

ಒಲೆಯ ಮುಂದಿದ್ದ ಕಾಕೂ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಅಪ್ಪಾಸಾಹೇಬ, ನೀ ಸಣ್ಣಾವ ಇದ್ದಾಗ ಇದೇ ಮನ್ಯಾಗ ಉಂಡಿದ್ದಿ," ಎಂದಳು. ಅಷ್ಟೇ ಅಂದದ್ದು. ಗಂಡ ತಲೆ ತಗ್ಗಿಸಿ ಕಾಕಾನ ಕಾಲು ಮುಟ್ಟಿದರು. ಆ ಇಡೀ ಪ್ರಕರಣದಲ್ಲಿ ನನ್ನ ಗಂಡನ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಇದೊಂದೇ.

ಎಲ್ಲಿ ಆಣೆ ಮಾಡಿಸಿದ್ದರೋ ಅಲ್ಲೇ ಇದನ್ನು ಹೇಳಬೇಕು ಎಂದು ನಾನು ಹಟ ಹಿಡಿದೆ. ಕಟ್ಟೆಯ ಮೇಲೆ ಮತ್ತೆ ಗುಂಪು ಸೇರಿತು. ಡಬ್ಬಿ, ಲ್ಯಾಪ್‌ಟಾಪ್, ತೊಯ್ದ ಬಟ್ಟೆ ಎಲ್ಲ ಒಯ್ದು ಎಲ್ಲರ ಮುಂದೆ ತೋರಿಸಿದೆ. ಬ್ಯಾಟರಿಯ ವಾಯರ್ ಹಿಡಿದುಕೊಂಡು ಕೂರಿ ಎಂದು ಬಾಳಾಸಾಹೇಬರ ಕೈಗೇ ಕೊಟ್ಟೆ. ಅವರ ಕೈಯಲ್ಲಿ ವಾಯರ್ ಇದ್ದ ಹಾಗೆಯೇ ಡಬ್ಬಿ ಸತ್ತು ಎದ್ದಿತು. ಎಂಜಿನಿಯರನನ್ನೂ ಕರೆದಿದ್ದೆವು. ಅವನು ಬರಲಿಲ್ಲ. ಅವನ ಬದಲು ಹೊಸ ಕರ್ನಲ್ ಹಾಕಿದ ಕಾರ್ಡು ಕೊರಿಯರ್‌ನಲ್ಲಿ ಬಂದಿತ್ತು, ಬಾಳಾಸಾಹೇಬರ ಫೋನಿಗೆ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತ್ತು. ನನ್ನ ಕೈಗೆ ಕೊಟ್ಟು ಓದಿ ಹೇಳಿ ಎಂದರು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದಿತ್ತು. ಕನ್ನಡ ಮಾಡಿ ಓದಿದೆ.

"ಅದರಾಗ ನನ್ನ ಹೆಸರ ಐತೇನು?" ಎಂದ ಕಾಕಾ.

"ಇಲ್ಲ ಕಾಕಾ."

"ಭಂಡಾರದ ಮಾತ?"

"ಅದೂ ಇಲ್ಲ."

ಕಾಕಾ ಹೂಂ ಎಂದ. ಬಾಳಾಸಾಹೇಬರು, "ಆದದ್ದು ಆತು ಬಿಡ್ರಿ ವೈನಿ. ಮಶೀನ್ ಸರಿ ಆತಲ್ಲ. ಕಾಕಾಗ ಒಂದು ಶಾಲ್ ಹೊದ್ದಸೂಣು," ಎಂದರು. ನನಗೆ ನೆತ್ತಿಗೇರಿತು. ಶಾಲು ಬೇಡ, ಎಲ್ಲರೂ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿ ಎಂದೆ. ಒಬ್ಬರು ಚಪ್ಪಲಿ ಹುಡುಕಿದರು. ಒಬ್ಬರಿಗೆ ಫೋನು ಬಂತು. ಇಬ್ಬರು ಮೂವರು ತಪ್ಪಾಯಿತು ಎಂದರು, ಅದೂ ನನ್ನ ಕಡೆ ನೋಡಿ. ನಲ್ಲಿಯ ಹತ್ತಿರ, ಗಿರಣಿಯ ಹತ್ತಿರ ಆಡಿದವರಂತೂ ಆ ಕಡೆ ಸುಳಿಯಲೂ ಇಲ್ಲ. ಆಣೆ ಮಾಡಿಸಲು ಊರೇ ಬಂದಿತ್ತು. ತಪ್ಪು ಒಪ್ಪಲು ಅರ್ಧ ಕಟ್ಟೆಯೂ ತುಂಬಲಿಲ್ಲ.

ಹೊಸ ಕಾರ್ಡು ಹಾಕಿದ ಮೇಲೆ ಡಬ್ಬಿ ಒಮ್ಮೆಯೂ ನಿಂತಿಲ್ಲ. ಅದೇ ತೋಟದ ಅದೇ ತಗ್ಗಿನಲ್ಲಿ ನಿಂತು ಎಲ್ಲರ ಫೋನಿಗೂ ಸುದ್ದಿ ಕಳಿಸುತ್ತಿದೆ. ಜಾಗ ಕೊಡುವುದಿಲ್ಲ ಎಂದು ಕಾಕಾ ಹೇಳಬಹುದಿತ್ತು, ಹೇಳಲಿಲ್ಲ. ಕಂಪನಿಯವರು ಇನ್ನೂ ಎಷ್ಟು ಊರುಗಳಲ್ಲಿ ವಾಯರ್ ನೋಡಿ ಎನ್ನುತ್ತಿದ್ದಾರೋ ಗೊತ್ತಿಲ್ಲ. ನಡೆದದ್ದನ್ನು ಬರೆದುಕೊಡಿ ಎಂದು ನಾನು ಮೇಲಿಂದ ಮೇಲೆ ಬರೆಯುತ್ತಲೇ ಇದ್ದೇನೆ. ಪ್ರತಿ ಸಲ ಅದೇ ವಿಷಾದ ಬರುತ್ತದೆ.

ನಾನು ಬಸ್ಸಿಗೆ ಹೋಗುವ ದಾರಿಯಿಂದ ಕಾಕಾನ ತೋಟ ಕಾಣುತ್ತದೆ. ಅವನು ಮತ್ತೆ ಮೊದಲಿನ ಹಾಗೆ ನಸುಕಿನಲ್ಲೇ ಬಂದು ಸಾಲು ತಿರುಗುತ್ತಾನೆ. ಆದರೆ ಕಂಬ ಇರುವ ಸಾಲಿಗೆ ಬಂದ ಕೂಡಲೇ ಹಿಂದಕ್ಕೆ ಹೊರಳಿ, ಬದುವಿನ ಮೇಲೆ ದೂರದಿಂದ ಸುತ್ತು ಹಾಕಿ ಆಚೆ ಕಡೆಗೆ ಹೋಗುತ್ತಾನೆ. ಆ ಸಾಲಿನ ಬಳ್ಳಿಯನ್ನು ಅವನು ನೋಡುವುದು ಬಿಸಿಲು ಏರಿ, ನಾಲ್ಕು ಜನ ಸುತ್ತಮುತ್ತ ಇದ್ದಾಗ ಮಾತ್ರ. ಒಂದು ದಿನ ತಡೆಯಲಾರದೆ ದಾರಿಯಲ್ಲೇ ನಿಂತು ಕೂಗಿ ಕೇಳಿದೆ, "ಕಾಕಾ, ನಿಮ್ಮ ತಪ್ಪ ಇಲ್ಲಂತ ಊರಿಗೇ ಗೊತ್ತಾತು. ಇನ್ನ ಯಾಕ ಸುತ್ತ ಹಾಕ್ತೀರಿ?"

ಅವನು ಬದುವಿನ ಮೇಲೆ ನಿಂತು ಸ್ವಲ್ಪ ನಕ್ಕ.

"ಇರಲಿ ಬಿಡವ್ವಾ," ಎಂದ. "ಮತ್ತೊಮ್ಮಿ ಡಬ್ಬಿ ನಿಂತ್ರ, ಯಾರ್ನ ಕರೀತಾರ?"

ಬಸ್ಸು ಬಂತು, ಹತ್ತಿಕೊಂಡೆ. ಅಥಣಿ ಮುಟ್ಟುವವರೆಗೂ ಸಿಟ್ಟು ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ.